ಹೆಂಡತಿ ಹಿಂದೆ ಕೂರುವಂಥ ಟೈರು

ಐವತ್ತು ದಾಟಿದ ಗಂಡಸೊಬ್ಬ ಬೆಳಿಗ್ಗೆ ಬೆಳಿಗ್ಗೆ ಮೋಟಾರ್ ಸೈಕಲ್ಲಿನ ಪಕ್ಕ ಮಂಡಿಯೂರಿ, ಕನ್ನಡಕವನ್ನು ಹಣೆಗೆ ಏರಿಸಿ, ಹಿಂದಿನ ಚಕ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ ಏನನ್ನೋ ಓದುತ್ತಿದ್ದರೆ, ನೋಡಿದವರಿಗೆ ಅನುಮಾನ ಬರುವುದು ಸಹಜ. ನಮ್ಮ ಕಟ್ಟಡದ ಕಾವಲುಗಾರರು ಮೊದಲ ದಿನ ‘ಗಾಳಿ ಹೋಗಿದೆಯಾ ಸಾರ್’ ಎಂದರು. ಎರಡನೆಯ ದಿನ ‘ಏನಾದ್ರೂ ಬೀಳ್ಸಿದ್ರಾ’ ಎಂದರು. ಮೂರನೆಯ ದಿನ ಏನೂ ಕೇಳದೆ ಒಂದು ಲೋಟ ನೀರು ತಂದುಕೊಟ್ಟರು. ನಾನು ಟೈರು ಓದುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ? ಸುಮ್ಮನೆ ನೀರು ಕುಡಿದೆ.

ಮೊದಲು ಈ ಗಾಡಿಯ ವಿಷಯ ಹೇಳಿಬಿಡುತ್ತೇನೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ಬುದ್ಧಿ ಇರಬೇಕಾದ ಕಾಲದಲ್ಲಿ, ನಾನೊಂದು ಕೆಂಪು ಸ್ಪೋರ್ಟ್ಸ್ ಬೈಕನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಅದರ ಮೇಲೆ ಕೂತವನು ಕೂತಂತೆ ಕಾಣುವುದಿಲ್ಲ, ಯಾರಿಗೋ ಸಾಷ್ಟಾಂಗ ಹಾಕಲು ಹೊರಟು ಅರ್ಧದಲ್ಲಿ ಮನಸ್ಸು ಬದಲಿಸಿದವನಂತೆ ಕಾಣುತ್ತಾನೆ. ಗಂಟೆಗೆ ನೂರೈವತ್ತು ಕಿಲೋಮೀಟರ್ ಓಡಬಲ್ಲ ಈ ಗಾಡಿಯಲ್ಲಿ ನಾನು ದಿನವೂ ಆರ್.ಟಿ. ನಗರದಿಂದ ಮೇಖ್ರಿ ಸರ್ಕಲ್ ಮೇಲೆ ಯಶವಂತಪುರದ ಕಚೇರಿಗೆ, ಬಸ್ಸುಗಳ ಬೆನ್ನು ನೋಡಿಕೊಂಡು, ಒಂದು ಮತ್ತು ಎರಡನೆಯ ಗೇರಿನಲ್ಲಿ ಹೋಗಿ ಬರುತ್ತೇನೆ. ಹಿಂದಿನ ಸೀಟು ಒಂದು ಮಣೆಯಷ್ಟು ಅಗಲ, ಅಟ್ಟದಷ್ಟು ಎತ್ತರ. ಆದರೂ ನನ್ನ ಹೆಂಡತಿ ವಸಂತಾ ಒಂದು ವರ್ಷ ತಕರಾರಿಲ್ಲದೆ ಅದರ ಮೇಲೆ ಕೂತಳು. ಅವಳು ಯಲಹಂಕದ ಶಾಲೆಯೊಂದರಲ್ಲಿ ಗಣಿತದ ಮೇಡಂ. ಶನಿವಾರ ಸಂಜೆ ಅವಳನ್ನು ಹಿಂದೆ ಕೂರಿಸಿಕೊಂಡು ಹೆಬ್ಬಾಳದ ಕೆರೆಯ ಕಡೆ ಒಂದು ಸುತ್ತು ಹೋಗಿ ಕಾಫಿ ಕುಡಿದು ಬರುವುದೇ ನನಗೆ ವಾರದ ದೊಡ್ಡ ಸಂತೋಷವಾಗಿತ್ತು. ಕಳೆದ ಆಯುಧಪೂಜೆಯಿಂದ ಅದು ನಿಂತುಹೋಯಿತು. ಅವಳು ಮತ್ತೆ ಆ ಸೀಟಿನ ಮೇಲೆ ಕೂರುವ ಹಾಗೆ ಮಾಡಬೇಕು ಎಂಬುದೇ ಈ ಎಲ್ಲ ಟೈರು ಪುರಾಣದ ಮೂಲ.

ಆಯುಧಪೂಜೆಯ ಬೆಳಿಗ್ಗೆ ಪಕ್ಕದ ಮನೆಯವರ ಕಾರಿನ ಚಕ್ರಗಳು ಮದುವೆ ಗಂಡಿನ ಬೂಟಿನಂತೆ ಹೊಳೆಯುತ್ತಿದ್ದವು. ವಿಚಾರಿಸಿದರೆ ಟೈರ್ ಪಾಲಿಶ್ ಎಂದರು. ನಾನೂ ಒಂದು ಬಾಟಲಿ ತಂದೆ. ಹಳೆಯ ಬನಿಯನ್ನಿನಲ್ಲಿ ಅದ್ದಿ ಅದ್ದಿ ಉಜ್ಜಿದೆ. ಅಕ್ಕಪಕ್ಕ ಮಾತ್ರ ಹಚ್ಚಿ ಬಿಟ್ಟರೆ ದೇವರಿಗೆ ಅರ್ಧ ಸ್ನಾನ ಮಾಡಿಸಿದಂತೆ ಅನ್ನಿಸಿ, ನೆಲ ಮುಟ್ಟುವ ಭಾಗಕ್ಕೂ ಎರಡೆರಡು ಸಲ ಭಕ್ತಿಯಿಂದ ಹಚ್ಚಿದೆ. ಚೆಂಡುಹೂವಿನ ಹಾರ, ಬಾಳೆಕಂದು, ಕುಂಬಳಕಾಯಿ ಎಲ್ಲ ಆಯಿತು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ರೇಷ್ಮೆ ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ ಕೂತ ವಸಂತಾಳನ್ನು ಯಲಹಂಕದಲ್ಲೇ ಇರುವ ಅವಳ ಅಣ್ಣನ ಮನೆಗೆ ಕರೆದುಕೊಂಡು ಹೊರಟೆ. ಮೊದಲನೆಯ ಕ್ರಾಸಿನಲ್ಲಿ ತಿರುಗಿಸಿದೆನೋ ಇಲ್ಲವೋ, ಗಾಡಿ ನಿದ್ದೆ ಬಂದ ಎಮ್ಮೆಯಂತೆ ಮೆಲ್ಲಗೆ ಪಕ್ಕಕ್ಕೆ ಮಲಗಿತು. ವೇಗವಿರಲಿಲ್ಲ, ಹಾಗಾಗಿ ದೊಡ್ಡ ಪೆಟ್ಟೇನೂ ಆಗಲಿಲ್ಲ. ಅವಳ ಮೊಣಕೈ ತರಚಿತು, ಸೀರೆಯ ಅಂಚು ಹರಿಯಿತು, ಅಣ್ಣನ ಮನೆಗೆಂದು ತಂದಿದ್ದ ಕಡಲೆಪುರಿ ರಸ್ತೆ ತುಂಬ ಚೆಲ್ಲಿತು. ನಾಲ್ಕು ಜನ ಓಡಿಬಂದರು. ಅವರೆಲ್ಲರ ಮುಂದೆ ನನ್ನ ಬಾಯಿಂದ ಬಂದ ಮೊದಲ ಮಾತು ಹೀಗಿತ್ತು: ‘ನೀನು ಅಲ್ಲಾಡಿದೆ, ಅದಕ್ಕೇ ಬಿದ್ದಿದ್ದು.’

ವಸಂತಾ ಸೀರೆ ಕೊಡವಿಕೊಂಡು ಒಂದು ಆಟೋ ನಿಲ್ಲಿಸಿ ಯಲಹಂಕಕ್ಕೆ ಹೊರಟುಹೋದಳು. ನಾನು ಹೆಬ್ಬಾಳದ ಜಾಮಿನಲ್ಲಿ ಸಿಕ್ಕಿಕೊಂಡು ಅಲ್ಲಿಗೆ ತಲುಪುವಷ್ಟರಲ್ಲಿ ಅವಳದು ಊಟವೂ ಆಗಿತ್ತು. ಅಂದಿನಿಂದ ಅವಳು ಬಸ್ಸು, ಆಟೋ, ಎರಡು ಕಾಲು. ‘ಬಾ ಬಿಡ್ತೀನಿ’ ಎಂದಾಗಲೆಲ್ಲ ‘ಬೇಡ ರೀ, ನಾನು ಅಲ್ಲಾಡ್ತೀನಿ’ ಎಂದು ನಗುತ್ತಲೇ ಹೇಳುತ್ತಾಳೆ. ಆ ನಗುವಿನಲ್ಲಿ ಇರಬೇಕಾದ ಸಕ್ಕರೆ ಇಲ್ಲ ಎಂಬುದು ಇಪ್ಪತ್ತೈದು ವರ್ಷ ಸಂಸಾರ ಮಾಡಿದವನಿಗೆ ಗೊತ್ತಾಗುತ್ತದೆ.

ನೀವು ಇಷ್ಟು ಹೊತ್ತಿಗೆ ತಪ್ಪು ಯಾರದೆಂದು ಕಂಡುಹಿಡಿದಿರಬಹುದು. ನನಗೆ ನಾಲ್ಕು ತಿಂಗಳು ಬೇಕಾಯಿತು. ಅವಳು ಅಲ್ಲಾಡಿರಲಿಲ್ಲ ಎಂಬುದು ಒಳಗೊಳಗೇ ಗೊತ್ತಿತ್ತು. ಹಾಗೆಂದು ನಾನು ತಪ್ಪು ಮಾಡುವವನಲ್ಲವಲ್ಲ? ಉಳಿದದ್ದು ಟೈರು. ಬಾಯಿಲ್ಲದ ಅದರ ಮೇಲೆ ಅಪವಾದ ಹೊರಿಸಿ, ಲೋಕದಲ್ಲೇ ಅತ್ಯುತ್ತಮವಾದ ಟೈರನ್ನು ತಂದು ಹಾಕಿಸಿದರೆ ವಸಂತಾ ತಾನಾಗಿಯೇ ಬಂದು ಕೂರುತ್ತಾಳೆ ಎಂದು ತೀರ್ಮಾನಿಸಿದೆ.

ಅಲ್ಲಿಂದ ಶುರುವಾಯಿತು ಓದು. ಟೈರಿನ ಮೈಮೇಲೆ ಬರೆದಿರುವಷ್ಟು ಪಂಚಾಂಗದಲ್ಲೂ ಬರೆದಿರುವುದಿಲ್ಲ. ಅಗಲ ಎಷ್ಟು, ಎತ್ತರ ಎಷ್ಟು, ಎಷ್ಟು ಭಾರ ಹೊರುತ್ತದೆ, ಎಷ್ಟು ವೇಗ ತಡೆಯುತ್ತದೆ, ಎಲ್ಲಕ್ಕೂ ಒಂದೊಂದು ಅಂಕಿ, ಒಂದೊಂದು ಅಕ್ಷರ. ಹುಟ್ಟಿದ ವಾರ ಮತ್ತು ವರ್ಷವನ್ನೂ ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ, ಜಾತಕ ಬರೆಸುವುದೊಂದು ಬಾಕಿ. ಇಂಟರ್‌ನೆಟ್ಟಿಗೆ ಹೋದರೆ ಅಲ್ಲಿ ಇನ್ನೊಂದು ಗಲಾಟೆ. ಒಬ್ಬ ಮೆತ್ತಗಿನ ರಬ್ಬರೇ ಶ್ರೇಷ್ಠ ಎನ್ನುತ್ತಾನೆ, ಇನ್ನೊಬ್ಬ ಅದು ಆರು ತಿಂಗಳಲ್ಲಿ ಸವೆಯುತ್ತದೆ ಎಂದು ಅವನ ಮೇಲೆ ಹರಿಹಾಯುತ್ತಾನೆ. ದ್ವೈತಿಗಳೂ ಅದ್ವೈತಿಗಳೂ ಹೀಗೇ ವಾದ ಮಾಡಿರಬೇಕು, ಆದರೆ ಅವರು ಇಷ್ಟು ಕೆಟ್ಟ ಮಾತು ಆಡಿರಲಾರರು. ಇವರೆಲ್ಲ ಟೈರನ್ನು ಪರೀಕ್ಷೆ ಮಾಡುವುದು ವಿದೇಶದ ನುಣುಪಾದ ರಸ್ತೆಗಳಲ್ಲಿ. ನಮ್ಮ ಯಶವಂತಪುರದ ಮಾರುಕಟ್ಟೆ ಯಾರ್ಡಿನ ಮುಂದೆ ಲಾರಿಯಿಂದ ಉದುರಿದ ಈರುಳ್ಳಿ ಸಿಪ್ಪೆ, ಕೊಳೆತ ಕೋಸಿನೆಲೆ, ಅದರ ಮೇಲೆ ಒಂದು ಹನಿ ಮಳೆ. ಅಲ್ಲಿ ನಿಲ್ಲುವ ಟೈರು ಯಾವುದು ಎಂದು ಯಾವ ಪಂಡಿತನೂ ಬರೆದಿಲ್ಲ.

ಹೋಗಲಿ, ತಿಳಿದವರನ್ನೇ ಕೇಳೋಣವೆಂದು ಭಾನುವಾರದ ಬೈಕ್ ಗುಂಪೊಂದಕ್ಕೆ ಹೋದೆ. ಬೆಳಿಗ್ಗೆ ಹೆಬ್ಬಾಳದಲ್ಲಿ ಸೇರಿ ದೊಡ್ಡಬಳ್ಳಾಪುರ ರಸ್ತೆ ಹಿಡಿದು, ಬೆಟ್ಟದ ತಿರುವುಗಳಲ್ಲಿ ಆಡಿ, ತಟ್ಟೆ ಇಡ್ಲಿ ತಿಂದು ವಾಪಸಾಗುವ ಹುಡುಗರು. ಅವರಲ್ಲಿ ಒಂದು ಪದ್ಧತಿ ಇದೆ. ಹೊಸಬ ಬಂದರೆ ಹೆಸರು ಕೇಳುವುದಿಲ್ಲ, ಬಗ್ಗಿ ಅವನ ಹಿಂದಿನ ಟೈರಿನ ಅಂಚು ನೋಡುತ್ತಾರೆ. ತಿರುವಿನಲ್ಲಿ ಗಾಡಿಯನ್ನು ಧೈರ್ಯವಾಗಿ ಮಲಗಿಸುವವನ ಟೈರು ಅಂಚಿನವರೆಗೂ ಸವೆದಿರುತ್ತದೆ. ಅಂಚು ಹೊಸದಾಗಿಯೇ ಇದ್ದರೆ ಪುಕ್ಕಲ ಎಂದು ಅರ್ಥ. ಗುಂಪಿನ ಮುಖಂಡ ಚರಣ್ ನನ್ನ ಟೈರಿಗೆ ಬಗ್ಗಿದವನು ಬಹಳ ಹೊತ್ತು ಏಳಲೇ ಇಲ್ಲ.

‘ಅಂಕಲ್, ಫ್ಯಾಕ್ಟ್ರಿಯಿಂದ ಬಂದ ಕೂದ್ಲು ಇನ್ನೂ ಹಂಗೇ ಇದೆ’ ಎಂದ.

ಹೊಸ ಟೈರಿನ ಮೈಯಲ್ಲಿ ರಬ್ಬರಿನ ಸಣ್ಣ ಸಣ್ಣ ಕೂದಲುಗಳಿರುತ್ತವೆ. ನನ್ನ ಟೈರಿನ ಎರಡೂ ಅಂಚಿನಲ್ಲಿ ಅವು ಎಳೆಗರುವಿನ ಮೈಯಂತೆ ಸೊಂಪಾಗಿದ್ದವು. ‘ಮೆತ್ತಗಿರೋದು ಹಾಕ್ಸಿ ಅಂಕಲ್, ರೇಸ್ ಟೈರ್ ಥರದ್ದು. ಅಂಟ್ಕೊಂಡ್ ಹೋಗುತ್ತೆ’ ಎಂದು ಚರಣ್ ಸಲಹೆ ಕೊಟ್ಟ. ನನಗೆ ಟೈರಿಗಿಂತ ಮಾನದ ಚಿಂತೆ ಹತ್ತಿತು. ಮುಂದಿನ ಶನಿವಾರ ನೆಲಮಾಳಿಗೆಯಲ್ಲಿ ಸ್ಯಾಂಡ್‌ಪೇಪರ್ ಹಿಡಿದು ಟೈರಿನ ಅಂಚನ್ನು ತಿಕ್ಕುತ್ತಾ ಕೂತೆ, ಧೈರ್ಯಶಾಲಿಯಾಗಲು. ಶಾಲೆಯಿಂದ ಬಂದ ವಸಂತಾ ಒಂದು ಕ್ಷಣ ನಿಂತು ನೋಡಿದಳು. ಏನೂ ಕೇಳದೆ ಮೆಟ್ಟಿಲು ಹತ್ತಿ ಹೋದಳು. ಕೇಳಿದ್ದರೇ ವಾಸಿಯಿತ್ತು.

ರಾಜಾನುಕುಂಟೆಯಲ್ಲಿ ನನ್ನ ಚಿಕ್ಕಪ್ಪ ಇದ್ದಾರೆ. ಇದ್ದ ಜಮೀನಿನಲ್ಲಿ ಈಗ ಸೈಟುಗಳಾಗಿವೆ, ಮನೆಯ ಮುಂದೆ ಎರಡು ಕಾರುಗಳಿವೆ, ಆದರೆ ಗಾಲಿ ಎಂದರೆ ಅವರಿಗೆ ಇಂದಿಗೂ ಎತ್ತಿನ ಗಾಡಿಯದೇ. ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸುತ್ತಿದ್ದರು, ಮೇಲೆ ನೀರು ಹೊಯ್ದರೆ ಅದು ಕುಗ್ಗಿ ಮರವನ್ನು ಕಚ್ಚಿ ಹಿಡಿಯುತ್ತಿತ್ತು. ಒಂದು ಭಾನುವಾರ ನನ್ನ ಟೈರು ಸಂಕಟವನ್ನೆಲ್ಲ ಕೇಳಿ ಅವರು, ‘ನಮ್ಗೆ ಇದ್ದಿದ್ದು ಒಂದೇ ಥರ ಪಟ್ಟಿ ಕಣಪ್ಪ. ಇಂಗೆ ತಲೆ ಕೆಡುಸ್ಕಂಡು ಆರ್ಸೋ ಕಾಲ ಎಲ್ಲಿತ್ತು? ಗಾಡಿ ಮಗುಚಿದ್ರೆ ಓಡುಸ್ದೋನ್ನ ಬೈತಿದ್ರು, ಪಟ್ಟಿನಲ್ಲ’ ಎಂದರು. ಹಳೆಯ ಕಾಲದವರಿಗೆ ತಂತ್ರಜ್ಞಾನ ತಿಳಿಯುವುದಿಲ್ಲ ಎಂದುಕೊಂಡು ಎದ್ದು ಬಂದೆ.

ಕೊನೆಗೆ ಆರ್.ಟಿ. ನಗರದಲ್ಲೇ ಇರುವ ಅನ್ವರ್ ಭಾಯ್ ಅವರ ಟೈರು ಅಂಗಡಿಗೆ ಹೋದೆ. ಮೂವತ್ತು ವರ್ಷದಿಂದ ಅದೇ ಕೆಲಸದಲ್ಲಿರುವ ಅವರು ಟೈರು ತೋರಿಸುವ ಮೊದಲು, ‘ಗಾಡಿ ಎಲ್ಲೆಲ್ಲಿ ಓಡ್ಸ್ತೀರಾ ಸಾರ್’ ಎಂದು ಕೇಳಿದರು. ನನಗೆ ನಿಜ ಹೇಳಲು ನಾಚಿಕೆಯಾಯಿತು. ‘ಹೆಚ್ಚಾಗಿ ಬೆಟ್ಟದ ಕಡೆ’ ಎಂದೆ.

ಅನ್ವರ್ ಭಾಯ್ ಹಿಂದಿನ ಟೈರಿನ ಮೇಲೆ ಅಂಗೈ ಆಡಿಸಿದರು. ನಡುಭಾಗ ಚಪಾತಿ ಮಣೆಯಂತೆ ಚಪ್ಪಟೆಯಾಗಿತ್ತು. ಅಂಚಿನಲ್ಲಿ ಸ್ಯಾಂಡ್‌ಪೇಪರಿನ ಗೀರುಗಳ ನಡುವೆ ಉಳಿದ ಕೂದಲುಗಳು ಅಲ್ಲಲ್ಲಿ ನಿಂತಿದ್ದವು. ಅವರು ನಗಲಿಲ್ಲ, ಅದು ಅವರ ದೊಡ್ಡತನ. ‘ಬೆಟ್ಟ ಆಮೇಲೆ ನೋಡೋಣ. ಇದು ಆಫೀಸಿಗೆ ಹೋಗೋ ಟೈರು ಸಾರ್. ಮೆತ್ತಗಿನ ರೇಸ್ ಟೈರು ಬಿಸಿ ಆದ್ರೇನೇ ಹಿಡಿಯೋದು, ಸಿಗ್ನಲ್ ಸಿಗ್ನಲ್‌ಗೆ ನಿಂತ್ರೆ ಅದು ಬಿಸಿ ಆಗೋದು ಯಾವಾಗ? ನಡುವೆ ಗಟ್ಟಿ, ಅಂಚು ಮೆತ್ತಗೆ ಇರೋದು ಬರುತ್ತೆ, ಮಳೆ ನೀರಿಗೆ ಒಳ್ಳೆ ಗೆರೆ ಇರುತ್ತೆ, ಅದು ಹಾಕ್ಕೊಳ್ಳಿ’ ಎಂದರು. ಆಮೇಲೆ ಸೈಲೆನ್ಸರಿನ ಪಕ್ಕದ ಗೀರು ನೋಡಿ, ‘ಬಿದ್ದಿದ್ರಾ’ ಎಂದರು.

‘ಆಯುಧಪೂಜೆ ದಿನ. ಟೈರ್ ಸರಿಯಿರ್ಲಿಲ್ಲ’ ಎಂದೆ.

‘ಪಾಲಿಶ್ ಹಚ್ಚಿದ್ರಾ? ನೆಲಕ್ಕೆ ತಾಗೋ ಕಡೆ?’

ನಾನು ಹೆಲ್ಮೆಟ್ಟಿನ ಗಾಜು ಒರೆಸತೊಡಗಿದೆ. ‘ಪ್ರತಿ ವರ್ಷ ಪೂಜೆ ಆದ್ಮೇಲೆ ಮೂರ್ನಾಲ್ಕು ಜನ ಹಿಂಗೇ ಬರ್ತಾರೆ ಸಾರ್. ಅದು ಪಕ್ಕಕ್ಕೆ ಹಚ್ಚೋದು, ಅದೂ ಕಾರಿಗೆ. ಬೈಕಿಗೆ ಸುತ್ತಲೂ ಹಚ್ಚಿದ್ರೆ ಎಣ್ಣೆ ಮೇಲೆ ಕೂತಂಗೆ. ಟೈರ್‌ದು ಏನ್ ತಪ್ಪು?’ ಎಂದರು. ಹೊಸ ಟೈರನ್ನು ತರಿಸಲು ಒಂದು ವಾರ ಬೇಕು, ಶನಿವಾರ ಬನ್ನಿ ಎಂದು ಕಳಿಸಿದರು.

ಆ ಒಂದು ವಾರ ನಾನು ಅನುಭವಿಸಿದ್ದು ನನಗೇ ಗೊತ್ತು. ಹೇಳಬೇಕಾದದ್ದು ಒಂದೇ ವಾಕ್ಯ. ದೋಸೆ ಹಾಕುವಾಗ ಹೇಳೋಣ ಎಂದುಕೊಂಡರೆ ಅವಳ ಕೈಯಲ್ಲಿ ಸೌಟು ಇರುತ್ತಿತ್ತು. ಉತ್ತರಪತ್ರಿಕೆ ತಿದ್ದುವಾಗ ಹೇಳೋಣ ಎಂದುಕೊಂಡರೆ ಕೆಂಪು ಪೆನ್ನು ಇರುತ್ತಿತ್ತು. ಎರಡು ಟೈರುಗಳ ತೂಕ, ಆಳ, ಅಗಲ ಹೋಲಿಸಿ ಗಂಟೆಗಟ್ಟಲೆ ಮಾತಾಡಬಲ್ಲ ನನಗೆ ‘ತಪ್ಪಾಯ್ತು’ ಎಂಬ ಮೂರಕ್ಷರ ಗಂಟಲಿನಿಂದ ಹೊರಡಲಿಲ್ಲ. ಕೊನೆಗೆ ಶುಕ್ರವಾರ, ‘ನಾಳೆ ಶಾಲೆ ಮುಗಿದ ಮೇಲೆ ಅನ್ವರ್ ಭಾಯ್ ಅಂಗಡಿಗೆ ಬಾ, ಹೊಸ ಟೈರ್ ನೋಡು’ ಎಂದಷ್ಟೇ ಹೇಳಿದೆ. ಟೈರೇ ನನ್ನ ಪರವಾಗಿ ಕ್ಷಮೆ ಕೇಳಲಿ ಎಂಬ ಆಸೆ.

ಅವಳು ಬಂದಳು. ಟೈರು ಹಾಕಿಯಾಗಿತ್ತು. ವಸಂತಾ ಅದನ್ನು ಜಾಮಿಟ್ರಿಯ ಚಿತ್ರ ನೋಡುವಂತೆ ಸುತ್ತಲೂ ನೋಡಿ, ‘ಇದು ಜಾರಲ್ವಾ?’ ಎಂದು ಅನ್ವರ್ ಭಾಯ್ ಅವರನ್ನು ಕೇಳಿದಳು.

‘ಜಾರದೇ ಇರೋ ಟೈರು ಯಾರೂ ಮಾಡಿಲ್ಲಮ್ಮ. ಸರಿಯಾಗಿ ನೋಡ್ಕೊಂಡ್ರೆ ಕಮ್ಮಿ ಜಾರುತ್ತೆ’ ಎಂದ ಅವರು ನನ್ನ ಮುಖವನ್ನೊಮ್ಮೆ ನೋಡಿ, ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದರು.

ಇನ್ನು ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ನಾನು ಹೊಸ ಟೈರನ್ನೇ ನೋಡುತ್ತಾ, ‘ಅವತ್ತು ನೀನು ಅಲ್ಲಾಡಿರ್ಲಿಲ್ಲ. ನಾನೇ ಟೈರ್‌ಗೆ ಸುತ್ತಲೂ ಪಾಲಿಶ್ ಹಚ್ಚಿದ್ದೆ, ಅದಕ್ಕೇ ಜಾರಿದ್ದು. ಎಲ್ಲರ ಮುಂದೆ ನಿನ್ನ ಮೇಲೆ ಹಾಕಿದ್ದು ತಪ್ಪಾಯ್ತು’ ಎಂದೆ.

‘ಅಲ್ಲಾಡಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು. ಪಾಲಿಶ್ ವಿಷಯ ಗೊತ್ತಿರ್ಲಿಲ್ಲ’ ಎಂದಳು ವಸಂತಾ. ಲೆಕ್ಕದಲ್ಲಿ ಅವಳು ಯಾವಾಗಲೂ ಖಚಿತ. ಆಮೇಲೆ ಗೋಡೆಗೆ ಒರಗಿಸಿದ್ದ ಹಳೆಯ ಟೈರಿನ ಕಡೆ ತಿರುಗಿ, ‘ಇಷ್ಟು ಅವತ್ತೇ ಹೇಳಿದ್ದಿದ್ರೆ ಅದರ ಮೇಲೇ ಕೂರ್ತಿದ್ನಲ್ರೀ’ ಎಂದಳು.

ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ‘ಬಾ, ಕಾಫಿಗೆ ಹೋಗೋಣ’ ಎಂದು ಸಂಭ್ರಮದಿಂದ ಹೆಲ್ಮೆಟ್ ಎತ್ತಿಕೊಂಡೆ. ಅಷ್ಟರಲ್ಲಿ ಅನ್ವರ್ ಭಾಯ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು. ‘ಸಾರ್, ಹೊಸ ಟೈರು. ಮೇಲಿನ ನುಣುಪು ಹೋಗೋ ತನಕ ಜಾರುತ್ತೆ. ಮೊದಲ ನೂರು ಕಿಲೋಮೀಟರ್ ಹಿಂದೆ ಯಾರನ್ನೂ ಕೂರಿಸ್ಬೇಡಿ.’

ವಸಂತಾ ನಕ್ಕಳು. ಈ ಸಲ ಸಕ್ಕರೆ ಸರಿಯಾಗಿತ್ತು. ಆಟೋ ಹತ್ತಿ ಮನೆಗೆ ಹೋದಳು, ನಾನು ಆಟೋದ ಹಿಂದೆ ಹಿಂದೆಯೇ ಬಂದೆ.

ಮಾರನೆಯ ದಿನ ಭಾನುವಾರ. ಗುಂಪಿನ ಕಡೆ ತಲೆ ಹಾಕದೆ ಒಬ್ಬನೇ ರಾಜಾನುಕುಂಟೆಗೆ ಹೋದೆ, ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ಎರಡನೆಯ ಸಲ ಚಿಕ್ಕಪ್ಪ ಗೇಟಿನ ಹತ್ತಿರ ನಿಂತು, ‘ಯಾಕಪ್ಪ, ಏನಾರ ಮರ್ತೋಗಿದ್ಯಾ?’ ಎಂದರು. ಹೌದು ಎಂದು ಕೈಯಾಡಿಸಿ ಮುಂದೆ ಹೋದೆ. ಉಳಿದ ದೂರವನ್ನು ಯಲಹಂಕದ ಸುತ್ತ ಸುತ್ತಿ ಮುಗಿಸಿ ಮನೆಗೆ ಬಂದಾಗ ಮಧ್ಯಾಹ್ನ. ವಸಂತಾ ಬಾಗಿಲಲ್ಲೇ ನಿಂತಿದ್ದಳು.

‘ಎಷ್ಟಾಯ್ತು?’

‘ನೂರ ನಾಲ್ಕು.’

‘ಹಾಗಾದ್ರೆ ನಾಲ್ಕು ಕಿಲೋಮೀಟರ್ ತಡ ಮಾಡಿದೀರಿ’ ಎಂದು ಅವಳು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡಳು.