ಅಕ್ಕನ ಮದುವೆ ಹೆಂಗಾಯ್ತು ಅಂತ ಕೇಳಿದಾಗ

ಮದುವೆಮನೇಲಿ ಒಗ್ಗರಣೆ ವಾಸನೆನೇ ಇರಲಿಲ್ಲ ಅಂದ್ರೆ ನಂಬ್ತೀರಾ? ನಮ್ಮಕ್ಕನ ಮದುವೇಲಿ ಹಂಗೇ ಆಯ್ತು.

ಅರವತ್ತರ ದಶಕ, ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿ. ಅಪ್ಪ ರೇಷ್ಮೆಹುಳ ಮೇಯಿಸ್ತಿದ್ರು, ಅದೂ ವಾಸದ ಮನೆಯೊಳಗೇ. ಮದುವೆಗೆ ಮುಂಚೆ ಗೂಡು ಮಾರಿ ಮನೆ ಖಾಲಿ ಮಾಡಬಹುದು ಅಂದ್ಕೊಂಡಿದ್ರು. ಮಾಘದ ಚಳಿಗೆ ಹುಳ ತಡ ಮಾಡಿದ್ವು... ಎಲ್ಲಾ ತಲೆಕೆಳಗಾಯ್ತು.

ಹುಳಕ್ಕೆ ಘಾಟು, ಹೊಗೆ, ಸದ್ದು ಯಾವುದೂ ಆಗಲ್ಲ. ಅಡಿಗೆ ಒಲೆ ದೂರದ ತೋಟಕ್ಕೆ ಹೋಯ್ತು. ಊದುಬತ್ತಿ ಇಲ್ಲ, ಸಾಂಬ್ರಾಣಿ ಇಲ್ಲ, ವಾಲಗದವರನ್ನೂ ಬೀದಿ ಕೊನೇಲಿ ಕೂರಿಸಿದ್ರು.

ಚಿಂತಾಮಣಿ ಕಡೆಯಿಂದ ಬಂದ ಬೀಗರು ಮುಖ ಮುಖ ನೋಡ್ಕೊಂಡ್ರು. ಮದ್ವೆಮನೇಲಿ ಕಳೆನೇ ಇಲ್ಲವಲ್ಲ ಅಂತ ಯಾರೋ ಗೊಣಗಿದ್ದು ಅಮ್ಮನ ಕಿವಿಗೂ ಬಿತ್ತು.

ನಮ್ಮ ಸೀಮೇಲಿ ಗಂಡಿನ ಕಡೆಯೋರು ಊರಿಗೆ ವಾಪಸ್ ಹೋದ್ರೆ, ಮದುವೆ ಹೆಂಗಾಯ್ತು ಅಂತ ಎಲ್ಲರೂ ಕೇಳೋದು ಆ ಮನೆಯ ಹಿರೀ ಹೆಂಗಸನ್ನ. "ಸಡಗರ" ಅಂದ್ರೆ ಸೊಸೆ ತಲೆಯೆತ್ತಿ ಓಡಾಡಬಹುದು. "ಜೋರಾಗಿತ್ತು" ಅಂದ್ರೂ ಪರವಾಗಿಲ್ಲ. ಬರೀ "ಆಯ್ತು" ಅಂದ್ರೆ ಮುಗೀತು, ಆ ಹುಡುಗಿ ವರ್ಷಗಟ್ಟಲೆ ಚುಚ್ಚುಮಾತು ಕೇಳಬೇಕು.

ಅವರಲ್ಲಿ ಹಿರಿಯರು ಅಂದ್ರೆ ಭಾವನ ದೊಡ್ಡಮ್ಮ. ಬಂದಾಗಿಂದ ಕಂಬಕ್ಕೊರಗಿ ಕೂತು ಎಲ್ಲಾನೂ ನೋಡ್ತಿದ್ರು.

ಧಾರೆ ಮುಗಿದು ಊಟದ ಎಲೆ ಹಾಕೋ ಹೊತ್ತಿಗೇ ಹುಳ ಮೇವು ಬಿಟ್ಟು ಹಣ್ಣಾಗಬೇಕಾ! ಹಣ್ಣಾದ ಹುಳ ಆರಿಸಿ ಬಿದಿರಿನ ಚಂದ್ರಿಕೆ ತಟ್ಟಿಗೆ ಬಿಟ್ರೆ ಮಾತ್ರ ಗೂಡು ಕಟ್ಟೋದು, ನಾಳೆ ನೋಡಣ ಅನ್ನೋ ಹಾಗಿಲ್ಲ. ಅಪ್ಪ ಹೊಸ ಪಂಚೆ ಮೇಲಕ್ಕೆ ಕಟ್ಟಿ ಒಳಗೆ ಓಡಿದ್ರು, ನಾವೂ ಹಿಂದೆ. ಬೀಗರನ್ನ ಬಿಟ್ಟು ಬಂದ್ವಲ್ಲ ಅಂತ ಅಮ್ಮ ಅಳ್ತಾನೇ ಹುಳ ಆರಿಸ್ತಿದ್ಲು.

ತಲೆಯೆತ್ತಿದ್ರೆ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಾರೆ.

ಅವರು ಬಳೆ ಮೇಲಕ್ಕೆ ಸರಿಸಿ, ಸೆರಗು ಸಿಕ್ಕಿಸಿ, ಅಮ್ಮನ ಪಕ್ಕ ಕೂತೇ ಬಿಟ್ರು. ಅವರ ಹಿಂದೆ ಬೀಗರ ಕಡೆ ಹೆಂಗಸರೆಲ್ಲ ಬಂದ್ರು. ಒಬ್ಬರು ತೆಲುಗಲ್ಲಿ ಸೋಬಾನೆ ಎತ್ತಿದ್ರು, ನಮ್ಮತ್ತೆ ಕನ್ನಡದಲ್ಲಿ ಉತ್ತರ ಕೊಟ್ಲು. ಬಾಸಿಂಗ ಕಟ್ಟಿದ ಮದುಮಗನ ಕೈಗೂ ಹುಳದ ತಟ್ಟೆ ಬಂತು... ನಕ್ಕು ನಕ್ಕು ಹೊಟ್ಟೆ ನೋವು.

ಊಟಕ್ಕೆ ಕೂತಾಗ ಹೊತ್ತು ಇಳಿದಿತ್ತು, ಸಾರು ಆರಿತ್ತು. ಯಾರೂ ಚಕಾರ ಎತ್ತಲಿಲ್ಲ.

ಮಾರನೇ ದಿನ ಅಕ್ಕನ ಜೊತೆಗೆ ಅಂತ ನನ್ನೂ ಚಿಂತಾಮಣಿಗೆ ಕಳಿಸಿದ್ರು. ಬೀದಿಗೆ ಕಾಲಿಡ್ತಿದ್ದ ಹಾಗೇ ಪಕ್ಕದ ಮನೆಯವರು ದೊಡ್ಡಮ್ಮನ್ನ ಹಿಡ್ಕೊಂಡು ಕೇಳಿದ್ರು, ಹೆಂಗಾಯ್ತು ಮದ್ವೆ ಅಂತ. ಅಕ್ಕ ನನ್ನ ಕೈ ಹಿಸುಕ್ತಿದ್ದಾಳೆ.

ದೊಡ್ಡಮ್ಮ ಸಡಗರ ಅನ್ನಲಿಲ್ಲ, ಜೋರು ಅನ್ನಲಿಲ್ಲ.

"ನಾನು ಗಂಡಿನ ಕಡೆಯೋಳು ಅನ್ನೋದೇ ಮರ್ತೋಯ್ತು ಕಣಮ್ಮ."

ಸಂತೋಷ ಹೇಳೋಕೆ ಇದಕ್ಕಿಂತ ದೊಡ್ಡ ಮಾತು ನಿಮ್ಮ ಕಡೆ ಇದೆಯಾ?