ಸೆಫೆರಿನಾಳ ಪೆಟ್ಟಿಗೆಯಲ್ಲಿದ್ದವನು

ಪೊಮುಚ್ ಎಂಬ ಊರಿನಲ್ಲಿ ಸೆಫೆರಿನಾ ತುಸ್ ಎರಡು ವಿಷಯಕ್ಕೆ ಹೆಸರಾಗಿದ್ದಳು. ಒಂದು ಅವಳ ಬ್ರೆಡ್ಡು, ಇನ್ನೊಂದು ಅವಳ ಬಾಯಿ. ಬೆಳಿಗ್ಗೆ ಒಲೆಗೆ ಸೌದೆ ತುರುಕುವಾಗ ತೆರೆದುಕೊಂಡ ಬಾಯಿ ಕೊನೆಯ ಬ್ರೆಡ್ಡು ಮಾರಿ ಹೋಗುವ ತನಕ ಮುಚ್ಚುತ್ತಿರಲಿಲ್ಲ. ಗಂಡ ಪ್ರಿಮಿತೀವೊ ಬದುಕಿದ್ದಾಗ ಅದನ್ನೆಲ್ಲ ಅವನು ಕೇಳಿಸಿಕೊಳ್ಳುತ್ತಿದ್ದ. ಸತ್ತ ಮೇಲೂ ಅವನೇ ಕೇಳಿಸಿಕೊಳ್ಳುತ್ತಿದ್ದಾನೆ ಎಂದು ಅವಳು ನಂಬಿದ್ದಳು.

ಹಾಗೆ ನಂಬುವುದಕ್ಕೆ ಅವಳ ಹತ್ತಿರ ಪೆಟ್ಟಿಗೆಯಿತ್ತು. ಹೂತು ಮೂರು ವರ್ಷವಾದ ಮೇಲೆ ಸತ್ತವರ ಮೂಳೆಗಳನ್ನು ಹೊರತೆಗೆದು ಮರದ ಪೆಟ್ಟಿಗೆಯಲ್ಲಿ ಕಸೂತಿ ಬಟ್ಟೆ ಹಾಸಿ ಇಡುವುದು ಈ ಊರಿನ ಪದ್ಧತಿ. ಅಕ್ಟೋಬರ್ ಕೊನೆಗೆ, ಸತ್ತವರು ಮನೆಗೆ ಊಟಕ್ಕೆ ಬರುವ ದಿನಗಳು ಹತ್ತಿರವಾದಾಗ, ಎಲ್ಲರೂ ಸ್ಮಶಾನಕ್ಕೆ ಹೋಗಿ ಗೂಡಿನಿಂದ ಪೆಟ್ಟಿಗೆ ಇಳಿಸಿ, ವರ್ಷದ ಧೂಳನ್ನು ಬ್ರಷ್ಷಿನಿಂದ ಒರೆಸಿ, ಹೊಸ ಬಟ್ಟೆ ಹಾಸುತ್ತಾರೆ. ಅದು ಸತ್ತವರ ಹಬ್ಬದ ಬಟ್ಟೆ. ಬೇರೆ ಊರಿನವರು ಹಬ್ಬಕ್ಕೆ ಗೋಡೆಗೆ ಸುಣ್ಣ ಬಳಿಯುತ್ತಾರೆ, ಪೊಮುಚ್‌ನವರು ಅಪ್ಪನ ಬೆನ್ನೆಲುಬನ್ನೂ ಒರೆಸುತ್ತಾರೆ. ಇಷ್ಟೇ ವ್ಯತ್ಯಾಸ, ಇದರಲ್ಲಿ ಹುಬ್ಬೇರಿಸುವಂಥದ್ದೇನೂ ಇಲ್ಲ.

ಸೆಫೆರಿನಾಳ ಮನೆಯಲ್ಲಿ ಕೈಕಾಲು, ಪಕ್ಕೆಲುಬು ಒರೆಸುವುದು ಮಗಳು ಲಿಹಿಯಾಳ ಪಾಲಿಗೆ. ಸೆಫೆರಿನಾಗೆ ತಲೆಯೊಂದು ಸಿಕ್ಕರೆ ಸಾಕು. ಬುರುಡೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮಾತಿಗೆ ಕೂತಳೆಂದರೆ ಹಿಟ್ಟಿನ ಬೆಲೆಯಿಂದ ಹಿಡಿದು ಅಳಿಯನ ಸೋಮಾರಿತನದವರೆಗೆ ಎಲ್ಲವೂ ಬರುತ್ತಿತ್ತು. ಲಿಹಿಯಾಗೂ ಹೇಳದ ಮಾತುಗಳಿದ್ದವು. ಎದೆಯಲ್ಲಿ ಗಂಟು ಕಾಣಿಸಿಕೊಂಡು ಒಬ್ಬಳೇ ಕಂಪೇಚೆ ಪಟ್ಟಣದ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡು ಬಂದಿದ್ದು, ಒಮ್ಮೆ ಒಂಟಿತನ ತಡೆಯಲಾರದೆ ಇನ್ನೊಂದು ಮದುವೆಗೆ ಮನಸ್ಸು ಮಾಡಿದ್ದು, ಇವೆರಡೂ ಆ ಬುರುಡೆಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಆ ವರ್ಷ ಅಕ್ಟೋಬರ್ ನಡುವಿನಲ್ಲಿ ಒಂದು ಮಧ್ಯಾಹ್ನ ಊರಿನ ಸಭಾಭವನದಲ್ಲಿ ಕಾರ್ಟೂನ್ ಸಿನಿಮಾ ತೋರಿಸಿದರು. ಸತ್ತವರ ಹಬ್ಬದ ಮೇಲೆಯೇ ಮಾಡಿದ ಸಿನಿಮಾ, ಮನೆಮಂದಿಯೆಲ್ಲ ಕೂತು ನೋಡುವಂಥದ್ದು ಎಂದು ಮೈಕಿನಲ್ಲಿ ಕೂಗಿಸಿದ್ದರು. ಬಿಸಿಲು ಒಳಗೆ ಬಾರದಂತೆ ಕಿಟಕಿಗೆ ಕಟ್ಟಿದ ಹಿಟ್ಟಿನ ಚೀಲಗಳು ಸೆಫೆರಿನಾಳವು, ಹಾಗಾಗಿ ಮುಂದಿನ ಸಾಲಿನ ಕುರ್ಚಿ ತನ್ನ ಹಕ್ಕು ಎಂಬಂತೆ ಹೋಗಿ ಕೂತಳು. ಒಳಗೆ ಸೆಕೆಯೆಂದರೆ ಸೆಕೆ.

ಕಥೆ ಸರಳವಾಗಿತ್ತು. ಅಕ್ಕ ತಮ್ಮ ಇಬ್ಬರು ಪುಟ್ಟ ಮಕ್ಕಳು, ಹಬ್ಬದ ಊಟಕ್ಕೆ ಅಜ್ಜಿಯನ್ನು ಕರೆತರಬೇಕೆಂದು ಸತ್ತವರ ಊರಿಗೆ ಹೋಗುವ ಬಸ್ಸು ಹತ್ತುತ್ತಾರೆ. ಡ್ರೈವರ್ ಒಂದು ಅಸ್ಥಿಪಂಜರ. ಪರದೆಯ ಮೇಲೆ ಅವನು ಕಾಣಿಸಿಕೊಂಡದ್ದೇ ತಡ, ಹಿಂದಿನ ಸಾಲಿನ ಮುದುಕಿಯೊಬ್ಬಳು ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು.

"ಅಯ್ಯೋ ದೇವ್ರೇ, ಮೈ ಮೇಲೆ ಬಟ್ಟೆನೇ ಇಲ್ವಲ್ಲೇ ಇವನಿಗೆ!"

"ಟೋಪಿ ಇದೆಯಲ್ಲ ಅಜ್ಜಿ," ಅಂದರು ಯಾರೋ.

"ಟೋಪಿ ಹಾಕ್ಕೊಂಡು ಬತ್ತಲೆ ತಿರುಗೋದು ಇನ್ನೂ ನಾಚಿಕೆಗೇಡು! ಇವನಿಗೆ ಮನೆಯವರು ಅಂತ ಯಾರೂ ಇಲ್ವಾ? ಒಂದು ಬಟ್ಟೆ ಹಾಸೋಕೂ ಗತಿಯಿಲ್ವಾ?"

ಸಿನಿಮಾ ಮಾಡಿದವರು ನಗಲಿ ಎಂದು ಇಟ್ಟ ಕಡೆ ಜನ ಬೆಚ್ಚಿಬಿದ್ದರು. ಚಕ್ರ ಬದಲಿಸುವಾಗ ಡ್ರೈವರ್ ತನ್ನ ತಲೆಯನ್ನೇ ಕಿತ್ತು ಹುಡುಗಿಯ ಕೈಗೆ ಕೊಡುತ್ತಾನೆ. ಹುಡುಗಿ ಅದನ್ನು ಚೆಂಡಿನಂತೆ ಒಂದೇ ಕೈಯಲ್ಲಿ ಹಿಡಿದಾಗ ಸಭಾಭವನಕ್ಕೆ ಸಭಾಭವನವೇ ಉಸಿರು ಬಿಗಿಹಿಡಿಯಿತು. "ಎರಡು ಕೈ! ಎರಡು ಕೈಲಿ ಹಿಡಿಯೇ ಹುಡುಗಿ!" ಎಂದು ನಾಲ್ಕಾರು ಹೆಂಗಸರು ಪರದೆಗೇ ಕೂಗಿದರು. ಆ ಹುಡುಗಿಯ ತಾಯಿಗೆ ಸೆಫೆರಿನಾ ಗಟ್ಟಿಯಾಗಿಯೇ ಹಿಡಿಶಾಪ ಹಾಕಿದಳು.

ಆಮೇಲೆ ಆ ದೃಶ್ಯ ಬಂತು. ಬಸ್ಸು ಮತ್ತೆ ಹೊರಡುವ ಮೊದಲು ಡ್ರೈವರ್ ತೋಳು ಮುಂದೆ ಚಾಚಿ ಮಕ್ಕಳಿಗೆ ಜಂಬ ಕೊಚ್ಚಿದ. ಮೊಣಕೈ ಕೆಳಗೆ ಮೂಳೆಯ ಮೇಲೊಂದು ದಪ್ಪ ಗಂಟು. "ಹೇಸರಗತ್ತೆ ಒದ್ದು ಮುರಿದದ್ದು! ಕೂಡ್ಕೊಂಡು ಎಷ್ಟೋ ಕಾಲ ಆಯ್ತು. ಆದ್ರೂ ನೋಡಿ, ಗುರುತು ಹಾಗೇ ಇದೆ!" ಎಂದು ಆ ಗಂಟನ್ನು ಬಡಿದು ಟಕಟಕ ಸದ್ದು ಮಾಡಿದ. ಮಕ್ಕಳೆಲ್ಲ ಕೇಕೆ ಹಾಕಿ ನಕ್ಕರು.

ಸೆಫೆರಿನಾ ಮಾತ್ರ ಆ ಗಂಟನ್ನೇ ನೋಡುತ್ತ ಕುರ್ಚಿಯ ತುದಿಗೆ ಬಂದಳು.

ಪ್ರಿಮಿತೀವೊ ಕುದುರೆಗೆ ಸೊಪ್ಪು ಕಡಿಯಲು ಮರ ಹತ್ತಿ ಬಿದ್ದಿದ್ದ. ಬಲಗೈ ಮುರಿದಿತ್ತು. ಊರಿನ ಮೂಳೆ ಕಟ್ಟುವವಳು ಕಾಸಿಲ್ಡಾ ನಾಲ್ ಬಂದು ಕಟ್ಟು ಹಾಕಿದಳು. ಕೈ ಕೂಡಿತು, ಆದರೆ ಸೊಟ್ಟಗೆ. ಅಂದಿನಿಂದ ಅವನು ಬ್ರೆಡ್ಡಿನ ತಟ್ಟೆ ಎತ್ತಲಾರದೆ ಹೋದ, ಸೆಫೆರಿನಾ ಸಂತೆಯ ನಡುವೆ ನಿಂತು ಕಾಸಿಲ್ಡಾಳನ್ನು ಬಾಯಿಗೆ ಬಂದಂತೆ ಬೈದಳು. ಆಮೇಲೆ ಇಬ್ಬರ ನಡುವೆ ಮಾತೇ ನಿಂತುಹೋಯಿತು. ಇದೆಲ್ಲ ಅವಳಿಗೆ ಚೆನ್ನಾಗಿ ನೆನಪಿತ್ತು. ನೆನಪಿಲ್ಲದ್ದು ಒಂದೇ. ಪೆಟ್ಟಿಗೆಯಲ್ಲಿದ್ದ ಮೂಳೆಗಳಲ್ಲಿ ಎಲ್ಲಿಯೂ ಒಂದು ಗಂಟು ಕಂಡ ನೆನಪು ಅವಳಿಗೆ ಇರಲಿಲ್ಲ.

ಮುರಿದದ್ದು ಕೂಡಿದ ಮೇಲೂ ಮೂಳೆಯಲ್ಲಿ ಗುರುತು ಉಳಿಯುತ್ತದೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಯಾರು ಹೇಳಬೇಕು? ಬ್ರೆಡ್ಡು ಮಾಡುವವಳಿಗೆ ಹಿಟ್ಟಿನ ವಿಷಯ ಗೊತ್ತು. ಸಿನಿಮಾ ಮುಗಿದು ದೀಪ ಹತ್ತಿದಾಗ ಲಿಹಿಯಾ, "ಅಮ್ಮ, ಅಜ್ಜಿ ಊಟಕ್ಕೆ ಬಂದಳಲ್ಲ, ಚೆನ್ನಾಗಿತ್ತು ಅಲ್ವಾ?" ಅಂದಳು. ಸೆಫೆರಿನಾಳ ಬಾಯಿಂದ ಮಾತು ಹೊರಡಲಿಲ್ಲ. ಅದನ್ನು ನೋಡಿಯೇ ಲಿಹಿಯಾ ಗಾಬರಿಯಾದಳು.

ಮರುದಿನ ಬೆಳಿಗ್ಗೆ ಒಲೆ ಹಚ್ಚದೆ ಮಗಳನ್ನು ಎಳೆದುಕೊಂಡು ಸ್ಮಶಾನಕ್ಕೆ ಹೋದರೆ ಅಲ್ಲಿ ಜಾತ್ರೆ. ಸಿನಿಮಾ ನೋಡಿದ ಅರ್ಧ ಊರು ಅಲ್ಲಿತ್ತು. ಒಬ್ಬ ತನ್ನ ಚಿಕ್ಕಪ್ಪನ ಹಲ್ಲು ಎಣಿಸುತ್ತಿದ್ದ. ಇನ್ನೊಬ್ಬಳು, "ನಮ್ಮತ್ತೆಗೆ ಬೆರಳು ಒಂದು ಹೆಚ್ಚಿದೆ, ಯಾರದ್ದಾದರೂ ಕಡಿಮೆ ಇದ್ಯೇನ್ರೇ?" ಎಂದು ಕೂಗಿ ಕೇಳುತ್ತಿದ್ದಳು. ಮುಂದಿನ ವಾರ ಮಾಡಬೇಕಾದ ಕೆಲಸವನ್ನು ಭಯಕ್ಕೆ ಇಂದೇ ಹಿಡಿದಿದ್ದರು. ಊರಿನ ಮಾನ ಕಾಯಲು ಇಷ್ಟು ಹೇಳುತ್ತೇನೆ: ಹೆಚ್ಚಿನವರ ಲೆಕ್ಕ ಸರಿಯಾಗಿಯೇ ಇತ್ತು.

ಸೆಫೆರಿನಾ ಪೆಟ್ಟಿಗೆ ಇಳಿಸಿದಳು. ಈ ಸಲ ತಲೆಯ ಕಡೆ ನೋಡಲಿಲ್ಲ. ಬಲಗೈಯ ಮೂಳೆ ತೆಗೆದು ಬೆರಳು ಓಡಿಸಿದಳು. ನೆಟ್ಟಗೆ, ನುಣ್ಣಗೆ, ಲಟ್ಟಣಿಗೆಯಂತಿತ್ತು. ಎಡಗೈ ನೋಡಿದಳು. ಅದೂ ಹಾಗೆಯೇ. ಬಿಸಿಲಿಗೆ ಹಿಡಿದು ನೋಡಿದಳು. ಗಂಟಿಲ್ಲ.

"ಏನಮ್ಮ ಹುಡುಕ್ತಿದ್ದೀಯ?" ಲಿಹಿಯಾ ಕೇಳಿದಳು.

"ನಿಮ್ಮಪ್ಪನ್ನ."

ಲಿಹಿಯಾ ಕೈಯಲ್ಲಿದ್ದ ಬ್ರಷ್ಷನ್ನು ಕೆಳಗೆ ಹಾಕಿದಳು. ಸೆಫೆರಿನಾಗೆ ಮೂಳೆ ತೆಗೆದ ದಿನದ ಮಳೆ ನೆನಪಾಯಿತು. ಪ್ರಿಮಿತೀವೊ ಸತ್ತ ಜ್ವರದಲ್ಲೇ ಕಾಸಿಲ್ಡಾಳ ತಮ್ಮ ವೆನಾನ್ಸಿಯೊ ಕೂಡ ಸತ್ತಿದ್ದ. ಇಬ್ಬರನ್ನೂ ಅಕ್ಕಪಕ್ಕದಲ್ಲೇ ಹೂತು, ಮೂರು ವರ್ಷದ ನಂತರ ಒಂದೇ ಬೆಳಿಗ್ಗೆ ತೆಗೆದು, ಮೂಳೆಗಳನ್ನು ಬಟ್ಟೆಯ ಮೇಲೆ ಒಣಗಲು ಹರಡಿದ್ದರು. ಇದ್ದಕ್ಕಿದ್ದಂತೆ ಮಳೆ ಸುರಿಯಿತು. ಯಾರೂ ಅವಳಿಗೆ ತಪ್ಪು ಮೂಳೆ ಕೊಟ್ಟಿರಲಿಲ್ಲ. ತಾನೇ ಮೊದಲು ಓಡಿ, ಹತ್ತಿರದ ರಾಶಿಯನ್ನು ಬಾಚಿ ತಬ್ಬಿಕೊಂಡು ತನ್ನ ಪೆಟ್ಟಿಗೆಗೆ ಹಾಕಿಕೊಂಡಿದ್ದಳು.

ವೆನಾನ್ಸಿಯೊ! ಊರಿಗೆಲ್ಲ ಕುಡುಕ. ಅವಳ ಒಲೆಯ ಗೋಡೆಗೆ ಉಚ್ಚೆ ಹೊಯ್ಯುತ್ತಿದ್ದವನು, ಬ್ರೆಡ್ಡು ತೆಗೆಯುವ ಉದ್ದ ಸಟ್ಟುಗದಿಂದ ಬೆನ್ನು ಬಾತುಕೊಳ್ಳುವಂತೆ ಬಾರಿಸಿ ಅವಳು ಓಡಿಸಿದ್ದವನು. ಆ ಮಳೆಯಿಂದ ಈಚೆಗೆ ಹನ್ನೊಂದು ವರ್ಷ ಅವಳು ಹಣೆಗೆ ಮುತ್ತಿಟ್ಟದ್ದು ಅವನಿಗೆ. ಎದೆಯ ಗಂಟಿನ ವಿಷಯ ಹೇಳಿಕೊಂಡದ್ದು ಅವನಿಗೆ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಸ್ಮಶಾನ ಇಷ್ಟು ತುಂಬಿದ್ದರೂ ಕಾಸಿಲ್ಡಾ ತಮ್ಮನ ಪೆಟ್ಟಿಗೆ ಇಟ್ಟಿದ್ದ ಪಕ್ಕದ ಗೂಡಿನ ಮುಂದೆ ಯಾರೂ ಇರಲಿಲ್ಲ. ನಿನ್ನೆ ಸಿನಿಮಾಕ್ಕೆ ಕಾಸಿಲ್ಡಾ ಬಂದಿದ್ದಳು. ಆ ಗಂಟನ್ನು ಅವಳೂ ನೋಡಿದ್ದಳು. ಆದರೂ ಬಂದು ನೋಡಬೇಕೆಂದು ಅವಳಿಗೆ ಅನ್ನಿಸಿರಲಿಲ್ಲ.

ಕಾಸಿಲ್ಡಾ ಮನೆಯ ಹಿತ್ತಲಲ್ಲಿ ಜೋಳ ಬಿಡಿಸುತ್ತಿದ್ದಳು. ಅವಳು ಮಾತಿನ ಹೆಂಗಸಲ್ಲ, ಮೂಳೆ ಕಟ್ಟುವಾಗ ಕೂಡ ನೋವಾಗುತ್ತಿದೆಯಾ ಎಂದು ಕೇಳುತ್ತಿರಲಿಲ್ಲ. ಮಗಳನ್ನು ಮನೆಗೆ ಕಳಿಸಿ ಬಂದ ಸೆಫೆರಿನಾ ಬಾಗಿಲು ತಟ್ಟದೆ ನುಗ್ಗಿದ್ದನ್ನು ಕಂಡು ಜೋಳ ಪಕ್ಕಕ್ಕಿಟ್ಟಳು.

"ನನ್ನ ಗಂಡ ಎಲ್ಲೇ?"

"ನನ್ನ ಪೆಟ್ಟಿಗೇಲಿ," ಅಂದಳು ಕಾಸಿಲ್ಡಾ, ಕಡ್ಡಿ ತುಂಡು ಮಾಡಿದಂತೆ.

ಸೆಫೆರಿನಾ ಜಗಳಕ್ಕೆಂದು ಬಂದವಳು. ಕಾಸಿಲ್ಡಾ ಅಲ್ಲ ಅನ್ನುತ್ತಾಳೆ, ತಾನು ಹೌದು ಅನ್ನಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಈಗ ಆ ಮಾತೆಲ್ಲ ದಂಡವಾಯಿತು. "ಗೊತ್ತಿತ್ತಾ ನಿಂಗೆ? ಯಾವಾಗಿಂದ?"

"ಮೊದಲ ಸಲ ಒರೆಸಿದಾಗಿಂದ. ಆ ಕೈ ಕಟ್ಟಿದ್ದು ನಾನು, ಸೊಟ್ಟ ಕೂರಿಸಿದ್ದೂ ನಾನೇ. ಕಣ್ಣು ಮುಚ್ಚಿ ಮುಟ್ಟಿದ್ರೂ ಗೊತ್ತಾಗತ್ತೆ."

"ಹಾಗಿದ್ರೂ ಬಾಯಿ ಬಿಡಲಿಲ್ಲ! ಸಂತೇಲಿ ಬೈದೆ ಅಂತ ಸೇಡು ತೀರಿಸ್ಕೊಂಡ್ಯಾ? ಸತ್ತವನ ಮೇಲೆ? ನಿನ್ನ ಕೈಗೆ ಹುಳ ಬೀಳ!"

"ಮೊದಲು ಸೇಡೇ," ಕಾಸಿಲ್ಡಾ ಒಪ್ಪಿಕೊಂಡಳು. "ಒಂದು ವರ್ಷ ಹಾಗೇ ಬಿಟ್ಟೆ. ಮರು ವರ್ಷ ಮನಸ್ಸು ತಡೀಲಿಲ್ಲ, ಹೇಳಿಬಿಡೋಣ ಅಂತ ಸ್ಮಶಾನದಲ್ಲಿ ನಿನ್ನ ಹತ್ರ ಬಂದೆ. ನೀನು ನೋಡಲಿಲ್ಲ. ಆ ತಲೆ ಮಡಿಲಲ್ಲಿಟ್ಕೊಂಡಿದ್ದೆ. 'ನನ್ನ ದೊರೆ, ಈ ವರ್ಷ ಚಳಿ ಜಾಸ್ತಿ ಆಯ್ತೇನೋ ನಿಂಗೆ' ಅಂತ ಕೇಳ್ತಿದ್ದೆ."

"ನನ್ನ ಗಂಡನ್ನ ಕೇಳ್ತಿದ್ದೆ ನಾನು!"

"ಗೊತ್ತು. ಆದ್ರೆ ಕೇಳಿಸ್ಕೊಂಡವನು ನನ್ನ ತಮ್ಮ." ಕಾಸಿಲ್ಡಾ ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡಳು. ಅವಳು ಅಳುವುದನ್ನು ಊರಲ್ಲಿ ಯಾರೂ ನೋಡಿರಲಿಲ್ಲ. "ಬದುಕಿರೋ ತನಕ ಅವನ ಕಿವಿಗೆ ಬೈಗುಳ ಬಿಟ್ರೆ ಬೇರೆ ಬೀಳಲಿಲ್ಲ ಕಣೇ. ನೀನು ಬೈದೆ, ಊರು ಬೈತು, ನಾನಂತೂ ದಿನಾ ಬೈದೆ. ದೊರೆ ಅಂತ ಒಂದು ಹೆಂಗಸೂ ಕರೀಲಿಲ್ಲ. ಅವತ್ತು ನೀನು ಕರೀತಿದ್ದೆ. ಅದನ್ನ ನಾನು ಹೇಗೆ ಕಿತ್ಕೊಳ್ಳಲಿ ಅವನ ಕೈಯಿಂದ?"

ಸೆಫೆರಿನಾ ಜೋಳದ ರಾಶಿಯ ಪಕ್ಕದಲ್ಲಿ ಕೂತುಬಿಟ್ಟಳು. ತಾನು ಹನ್ನೊಂದು ವರ್ಷ ಗಂಡನ ಮೂಳೆ ಮುಟ್ಟದೆ ಗಂಡನ ಜೊತೆ ಮಾತಾಡಿದ್ದಳು, ಇವಳು ಒಂದು ಮಾತೂ ಆಡದೆ ಅವನನ್ನು ನೋಡಿಕೊಂಡಿದ್ದಳು. ಅವಳಿಗೆ ಸಹಿಸಲಾರದಷ್ಟು ನಾಚಿಕೆಯಾಯಿತು.

"ಹಬ್ಬಕ್ಕೆ ನನ್ನ ಗಂಡ ಎಲ್ಲಿಗೆ ಬರ್ತಿದ್ದ? ಊಟಕ್ಕೆ?" ಎಂದು ಕೊನೆಗೆ ಕೇಳಿದಳು.

"ನಂಗೇನು ಗೊತ್ತು. ಇಲ್ಲಿಗೆ ಬಂದ್ರೆ ಹಸಿದು ಹೋಗಬಾರದು ಅಂತ ಎರಡು ಪಾಲು ಇಡ್ತಿದ್ದೆ."

ಮಧ್ಯಾಹ್ನ ಜನ ಕರಗಿದ ಮೇಲೆ ಇಬ್ಬರೂ ಸ್ಮಶಾನಕ್ಕೆ ಹೋದರು. ಕಾಸಿಲ್ಡಾ ತನ್ನ ಪೆಟ್ಟಿಗೆ ತೆರೆದು ಒಂದು ಮೂಳೆ ಎತ್ತಿ ಕೊಟ್ಟಳು. ಮೊಣಕೈ ಕೆಳಗೆ ಗಂಟು, ಸ್ವಲ್ಪ ಸೊಟ್ಟ. ಸೆಫೆರಿನಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತಳು. ಗಂಡ ಸತ್ತ ದಿನ ಕೂಡ ಅವಳು ಅಷ್ಟು ಅತ್ತಿರಲಿಲ್ಲ.

ಆಮೇಲೆ ಅವಳ ಸರದಿ. ವೆನಾನ್ಸಿಯೋನ ತಲೆ ಎತ್ತಿದಳು. ಹಣೆಯ ಆ ನಯ, ಬಲಗಡೆಯ ಮುರುಕು ಹಲ್ಲು, ಎಲ್ಲ ಅವಳ ಅಂಗೈಗೆ ಗೊತ್ತಿದ್ದದ್ದೇ. ಅಸಹ್ಯವಾಗಬೇಕಿತ್ತು, ಆಗಲಿಲ್ಲ. ಕೊಡಲು ಕೈ ಚಾಚಿದವಳು ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು. ಕಾಸಿಲ್ಡಾ ಅವಸರ ಮಾಡಲಿಲ್ಲ.

ಮೂಳೆಗಳು ತಂತಮ್ಮ ಪೆಟ್ಟಿಗೆ ಸೇರಿದವು. ಸೆಫೆರಿನಾ ಪ್ರಿಮಿತೀವೋನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದಳು. ಮೊಮ್ಮಕ್ಕಳು ಹುಟ್ಟಿದ್ದು, ಒಲೆ ಬಿರುಕು ಬಿಟ್ಟಿದ್ದು, ಎದೆಯ ಗಂಟು, ಇನ್ನೊಂದು ಮದುವೆಯ ಆಸೆ, ಇವನಿಗೆ ಒಂದೂ ಗೊತ್ತಿಲ್ಲ. ಇಷ್ಟು ವರ್ಷ ಗಂಡನಿಗೆ ಯಾರೂ ಒಂದು ಮಾತನ್ನೂ ಹೇಳಿಲ್ಲ.

ಕಾಸಿಲ್ಡಾ ತಮ್ಮನ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಗೂಡಿನ ಕಡೆ ಹೊರಟಳು.

"ಎಲ್ಲಿಗೆ ಎತ್ಕೊಂಡು ಹೋಗ್ತಿದ್ದೀಯ ಅವನನ್ನ?" ಸೆಫೆರಿನಾ ಗದರಿದಳು. "ಇಲ್ಲೇ ಇಡು. ನೀನೂ ಕೂತ್ಕೋ. ಇವನಿಗೆ ಎಲ್ಲ ಮೊದಲಿಂದ ಹೇಳಬೇಕು. ನಾನು ಏನಾದ್ರೂ ಮರೆತ್ರೆ ನಿನ್ನ ತಮ್ಮ ಹೇಳ್ತಾನೆ."