ಬಿಸಿಲಿಗಿಟ್ಟ ಸೆಲ್ಲುಗಳು

ನಮ್ಮಣ್ಣನಿಗೆ ಇರುವುದು ಒಂದೇ ಕಣ್ಣು. ಎಡಗಣ್ಣು ಚಿಕ್ಕಂದಿನಲ್ಲೇ ಜಾಲಿ ಮುಳ್ಳಿಗೆ ಹೋಯಿತು. ಉಳಿದ ಬಲಗಣ್ಣಿನಿಂದಲೇ ಇಡೀ ಹಿಂಡು ಕಾಯುತ್ತಾನೆ, ಯಾವ ಮರಿ ಯಾವ ಕುರಿಯದು ಎಂದು ದೂರದಿಂದಲೇ ಹೇಳುತ್ತಾನೆ. ಆ ಕಣ್ಣಿನ ಬಗ್ಗೆ ಅವನಿಗೆ ಎಳ್ಳಷ್ಟೂ ಚಿಂತೆಯಿಲ್ಲ. ಚಿಂತೆಯನ್ನೆಲ್ಲ ನನ್ನ ತಲೆಗೆ ಕಟ್ಟಿ ತಾನು ಹೊಲದಲ್ಲಿ ಕಂಬಳಿ ಹೊದ್ದು ಆರಾಮಾಗಿದ್ದಾನೆ.

ನಮ್ಮ ತವರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ನಾನು ಮದುವೆಯಾಗಿ ರಾಯಚೂರಿಗೆ ಬಂದೆ. ಅಕ್ಕಿ ಗಿರಣಿಯ ಹಿಂದಿನ ಓಣಿಯಲ್ಲಿ ಮನೆ, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ. ಅಣ್ಣ ಅತ್ತಿಗೆ ಇಬ್ಬರೂ ಕುರಿ ಜೊತೆ ಊರೂರು ತಿರುಗುತ್ತಾರೆ. ಮಾನ್ವಿ ಕಡೆ ಭತ್ತ ಕೊಯ್ದು ಮುಗಿಯುತ್ತಿದ್ದಂತೆ ಹಿಂಡು ಮಲ್ಲಟ, ಕುರ್ಡಿ ಎಂದು ಇಳಿದುಬರುತ್ತದೆ. ಗೊಬ್ಬರ ಬೀಳಲಿ ಎಂದು ರೈತರೇ ಕರೆದು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ, ಎಂದರೆ ರಾತ್ರಿ ನಿಲ್ಲಿಸಿಕೊಳ್ಳುತ್ತಾರೆ. ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರದು.

ಹೋದ ಬೇಸಿಗೆಗೂ ಹಿಂದಿನ ಬೇಸಿಗೆಯಲ್ಲಿ ಒಂದು ತೋಳ ಮುಸ್ಸಂಜೆಗೇ ಬಂದು ಮರಿಯೊಂದನ್ನು ಎತ್ತಿಕೊಂಡು ಹೋಯಿತು. ಬಂದದ್ದು ಎಡಗಡೆಯಿಂದ. ಅಣ್ಣ ತಿರುಗಿ ಟಾರ್ಚು ಹೊಡೆಯುವಷ್ಟರಲ್ಲಿ ಅದು ಬದು ದಾಟಿತ್ತು. ಅವನ ಹತ್ತಿರ ಇದ್ದದ್ದು ಅಪ್ಪನ ಕಾಲದ ಮೂರು ಸೆಲ್ಲಿನ ಟಾರ್ಚು. ಅದರ ಬೆಳಕು ಅರಿಶಿನ ನೀರು ಚೆಲ್ಲಿದ ಹಾಗೆ, ಹತ್ತು ಮಾರು ಹೋಗುವುದರೊಳಗೆ ಇಂಗಿಹೋಗುತ್ತಿತ್ತು. ಸುದ್ದಿ ನನಗೆ ಫೋನಿನಲ್ಲಿ ಬಂತು. ಮರಿ ಹೋದದ್ದು ಹೋಯಿತು, ಇವತ್ತು ಮರಿಗೆ ಬಾಯಿ ಹಾಕಿದ್ದು ನಾಳೆ ಇವನ ಮೇಲೆ ಬಿದ್ದರೆ? ಒಂದು ಕಣ್ಣಿನವನಿಗೆ ಎರಡು ಕಣ್ಣಿನಷ್ಟು ಬೆಳಕು ಬೇಕು ಎಂದು ನಾನು ತೀರ್ಮಾನ ಮಾಡಿದೆ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ರಾಯಚೂರಿನ ಟಾರ್ಚಿನ ಅಂಗಡಿಗಳನ್ನೆಲ್ಲ ಸುತ್ತಿದೆ. ಡಬ್ಬಿಯ ಮೇಲೆ ಬರೆದದ್ದನ್ನು ನಂಬಿದರೆ ಇಲ್ಲಿ ನಿಂತು ಹೊಡೆದ ಬೆಳಕು ಮಾನ್ವಿಯಲ್ಲಿ ಬೀಳಬೇಕು. ಬಿದ್ದದ್ದು ಮಾತ್ರ ನಮ್ಮ ಓಣಿಯ ನಲ್ಲಿಯ ತನಕ. "ಎಷ್ಟು ದೂರ ಹೋಗ್ತದರೀ ಇದು?" ಎಂದು ಅಂಗಡಿಯವನನ್ನು ಕೇಳಿದರೆ, "ಅಕ್ಕಾರ, ನಿಮ್ಮ ಕಣ್ಣಿಗಿ ಎಷ್ಟು ದೂರ ಕಾಣ್ತದ ಅಷ್ಟು ದೂರ ಹೋಗ್ತದರೀ" ಎಂದ. ಮೈಯೆಲ್ಲ ಉರಿಯಿತು. ಆದರೂ ಬರಿಗೈಲಿ ಬರಲು ಮನಸ್ಸಾಗದೆ ಒಂದು ಎಲ್‌ಇಡಿ ಟಾರ್ಚು ತಂದೆ.

ಆಮೇಲೆ ಫೋನಿನಲ್ಲಿ ವಿಡಿಯೊ ನೋಡತೊಡಗಿದೆ. ಗಂಡಸರು ಕತ್ತಲಲ್ಲಿ ನಿಂತು ಮರಕ್ಕೆ, ಗುಡ್ಡಕ್ಕೆ ಬೆಳಕು ಹೊಡೆದು ಇದು ಹೆಚ್ಚು ಅದು ಕಡಿಮೆ ಎಂದು ವಾದ ಮಾಡುವ ವಿಡಿಯೊಗಳು. ಅವರಿಂದಲೇ ಎಚ್‌ಐಡಿ ಎಂಬ ಜಾತಿಯೊಂದಿದೆ ಎಂದು ಗೊತ್ತಾಯಿತು. ಅದರಲ್ಲಿ ಉರಿಯುವ ತಂತಿ ಇರುವುದಿಲ್ಲ. ಸಣ್ಣ ಗಾಜಿನ ಕೊಳವೆಯೊಳಗೆ ಅನಿಲ ತುಂಬಿ, ಅದರ ನಡುವೆ ಕಿಡಿ ಹಾರಿಸಿ ಬೆಳಗಿಸುತ್ತಾರೆ. ದೊಡ್ಡ ಕಾರುಗಳ ಮುಂದಿನ ದೀಪದಲ್ಲಿ ಇರುವುದೂ ಅದೇ. ಅದನ್ನೂ ತರಿಸಿದೆ. ನನ್ನ ಗಂಡ ಡಬ್ಬಿ ಬಿಚ್ಚಿ ನೋಡಿ, "ಇದೇನು, ಕುರಿ ಕಾಯಾಕೊ, ವಿಮಾನ ಇಳಸಾಕೊ?" ಎಂದರು.

ಮುಸ್ಸಂಜೆ ಮಾಳಿಗೆ ಹತ್ತಿ ಎರಡನ್ನೂ ಗಿರಣಿಯ ಹಿಂದಿನ ಗೋಡೆಗೆ ಹೊಡೆದು ನೋಡಿದೆ. ಎಲ್‌ಇಡಿ ಒತ್ತಿದ ಕ್ಷಣವೇ ಹತ್ತಿತು, ಆದರೆ ಬೆಳಕು ಅಗಲಕ್ಕೆ ಹರಡಿ ತೆಳ್ಳಗಾಯಿತು. ಎಚ್‌ಐಡಿ ಮೊದಲು ನೀಲಿಯಾಗಿ ಮಿಣುಕಿ, ಆಕಳಿಸಿ, ಮೈ ಮುರಿದು, ಆಮೇಲೆ ಬೆಳ್ಳಗೆ ಎದ್ದಿತು. ಎದ್ದ ಮೇಲೆ ಮಾತ್ರ ಗಿರಣಿಯ ಗೋಡೆಯ ಒಂದೊಂದು ಇಟ್ಟಿಗೆಯೂ ಕಂಡಿತು. ಕಾವಲುಗಾರ, "ಯಾರ್ರೀ ಅದು, ಕಣ್ಣಾಗ ಹೊಡಿಯಾಕತ್ತೀರಿ?" ಎಂದು ಕೂಗಿಕೊಂಡ. ಆರಿಸಿ ಮತ್ತೆ ಒತ್ತಿದರೆ ಹತ್ತಲಿಲ್ಲ. ಬಿಸಿಯಾದ ದೀಪ ತಣಿಯುವ ತನಕ ಮತ್ತೆ ಹತ್ತುವುದಿಲ್ಲವೆಂದು ವಿಡಿಯೊದವನೂ ಹೇಳಿದ್ದ. ಹತ್ತಿದ್ದನ್ನು ಯಾಕೆ ಆರಿಸಬೇಕು ಎಂದುಕೊಂಡು ಸುಮ್ಮನಾದೆ.

ದೀಪಕ್ಕಿಂತ ಹೆಚ್ಚು ತಲೆ ತಿಂದದ್ದು ಸೆಲ್ಲು. ಈ ಎರಡಕ್ಕೂ ಬೇಕಾದದ್ದು ಚಾರ್ಜು ಮಾಡುವ ಲಿಥಿಯಂ ಸೆಲ್ಲು, ಅದರಲ್ಲಿ ಮೋಸಕ್ಕೆ ಲೆಕ್ಕವಿಲ್ಲ. ಮೇಲೆ ಬರೆದ ಅಂಕಿ ದೊಡ್ಡದಾದಷ್ಟೂ ಸೆಲ್ಲು ಹಗುರ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತದ್ದಕ್ಕೆ ಹೊಸ ಪ್ಲಾಸ್ಟಿಕ್ ಅಂಗಿ ತೊಡಿಸಿ ಮಾರುವವರೂ ಇದ್ದಾರೆ. ಎಚ್‌ಐಡಿಗೆ ಒಳ್ಳೆಯ ಸೆಲ್ಲು ಹುಡುಕಿ ತರಿಸಿದೆ. ಎಲ್‌ಇಡಿಗೆ ಅಂಗಡಿಯವನು ಕೊಟ್ಟವೇ ಉಳಿದವು.

ಅಣ್ಣ ಮಲ್ಲಟದ ಹತ್ತಿರ ಇದ್ದಾಗ ಎರಡನ್ನೂ ಒಯ್ದುಕೊಟ್ಟು, ಕೂಡಿಸಿಕೊಂಡು ಪಾಠ ಮಾಡಿದೆ. ಚಾರ್ಜಿಗೆ ಇಟ್ಟಾಗ ಕಂಬಳಿಯ ಮೇಲೆ ಇಡಬೇಡ, ಕಲ್ಲಿನ ಮೇಲಿಡು, ಕಣ್ಣೆದುರಿಗೇ ಇರಲಿ, ತುಂಬಿದ ಕೂಡಲೇ ತೆಗೆ. ಬಿಡಿ ಸೆಲ್ಲನ್ನು ಕೀಲಿಕೈ, ಚಿಲ್ಲರೆ ಇರುವ ಜೇಬಿನಲ್ಲಿ ಹಾಕಬೇಡ, ಎರಡು ತುದಿಗೂ ಕಬ್ಬಿಣ ತಗುಲಿದರೆ ಬೆಂಕಿ. ಮೇಲಿನ ಪ್ಲಾಸ್ಟಿಕ್ ಹರಿದರೆ ಆ ಸೆಲ್ಲು ಬೇಡವೇ ಬೇಡ. ಹಳೆಯದನ್ನೂ ಹೊಸದನ್ನೂ ಜೋಡಿಸಬೇಡ. ಬಿಸಿಲಿಗೆ ಮಾತ್ರ ಇಡಲೇಬೇಡ. ಅಣ್ಣ ಪ್ರತಿಯೊಂದಕ್ಕೂ "ಹೂಂ" ಎಂದ. ಅವನ ಹೂಂ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಕುರಿಗಳ ಜೊತೆ ಮಾತಾಡುವಾಗಲೂ ಅವನು ಹಾಗೆಯೇ ಹೂಂ ಎನ್ನುತ್ತಾನೆ. ಹಳೆಯ ಟಾರ್ಚು ಇದ್ದರೆ ಅದನ್ನೇ ಹಿಡಿಯುತ್ತಾನೆಂದು ಅದನ್ನು ನನ್ನ ಚೀಲಕ್ಕೆ ಹಾಕಿಕೊಂಡು ಬಂದೆ.

ಬಿಸಿಲಿನ ಮಾತನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಯಲ್ಲಿ ಸೆಲ್ಲು ಮಂಕಾದರೆ ಮಾಳಿಗೆಯ ಮೇಲೆ ಮೆಣಸಿನಕಾಯಿಯ ಪಕ್ಕದಲ್ಲಿ ಅದನ್ನೂ ಒಣಗಲು ಹಾಕುತ್ತಿದ್ದರು. ಅಪ್ಪ ಮಧ್ಯಾಹ್ನ ಒಮ್ಮೆ ಹೊರಳಿಸಿ ಇಟ್ಟುಬರುತ್ತಿದ್ದ. ಸಂಜೆಗೆ ಟಾರ್ಚು ಸ್ವಲ್ಪ ಚುರುಕಾಗುತ್ತಿದ್ದುದೂ ಹೌದು. ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೇ ವಾಡಿಕೆ. ಆ ಹಳೆಯ ಸೆಲ್ಲಿಗೆ ಬಿಸಿಲು ನಡೆಯುತ್ತಿತ್ತು, ಈ ಸೆಲ್ಲಿಗೆ ಅದೇ ಬಿಸಿಲು ವಿಷ ಎಂದು ಹೇಳಿದೆ. ಹಾಡಿದ್ದೇ ಹಾಡೋ ಕಿಸಬಾಯಿದಾಸನ ಹಾಗೆ ಫೋನಿನಲ್ಲೂ ಹೇಳಿದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅತ್ತಿಗೆಯ ಫೋನು ಬಂತು. ಅವರು ಆಗ ಕುರ್ಡಿಯಲ್ಲಿದ್ದರು. ಮಾತಿನ ನಡುವೆ ಸಹಜವಾಗಿ, "ನಿಮ್ಮಣ್ಣ ಊರಾಗಿನ ಹಿಟ್ಟಿನ ಗಿರಣ್ಯಾಗ ಸೆಲ್ ಚಾರ್ಜ್ ಮಾಡ್ಕೊಂಡ್ ಬಂದು, ಬಿಸಿಲಿಗಿ ಹಾಕ್ಯಾನ ನೋಡು" ಎಂದಳು.

"ಚಾರ್ಜ್ ಮಾಡಿದ ಮ್ಯಾಲ ಬಿಸಿಲಿಗ್ಯಾಕ?"

"ಇನ್ನಷ್ಟು ಜೋರು ಬರ್ತದಂತ."

ಪಿತ್ತ ನೆತ್ತಿಗೇರಿತು. ಕತ್ತರಿಸಿದ್ದ ರವಿಕೆಯ ಬಟ್ಟೆಯನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ, ಕ್ರಾಸಿನಲ್ಲಿ ಇಳಿದು ಟಂಟಂ ಆಟೊ ಹಿಡಿದೆ. ದಾರಿಯುದ್ದಕ್ಕೂ ಏನೇನು ಬಯ್ಯಬೇಕೆಂದು ಜೋಡಿಸಿಕೊಳ್ಳುತ್ತ ಹೋದೆ.

ಹೊಲ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು. ನೆಲ ಅಂಗಾಲು ಸುಡುತ್ತಿತ್ತು. ಕುರಿಗಳು ಬೇವಿನ ಮರದಡಿ ತಲೆ ಕೆಳಗೆ ಹಾಕಿ ಒತ್ತಾಗಿ ನಿಂತಿದ್ದವು. ಬಂಡೆಯ ಮೇಲೆ ಊಟ ಮಾಡುವ ಸ್ಟೀಲಿನ ಗಂಗಾಳ, ಅದರಲ್ಲಿ ಎಲ್‌ಇಡಿಯ ಸೆಲ್ಲುಗಳು ಮೈ ಕಾಯಿಸಿಕೊಳ್ಳುತ್ತ ಮಲಗಿದ್ದವು. ಒಂದರ ಪ್ಲಾಸ್ಟಿಕ್ ಅರ್ಧ ಸುಲಿದಿತ್ತು. ಸಾಲದ್ದಕ್ಕೆ ಪಕ್ಕದಲ್ಲೇ ಮಡಚಿಟ್ಟ ಕಂಬಳಿ.

"ಯಣ್ಣಾ, ಏನು ಹೇಳಿದ್ದೆ ನಿನಗ?" ಎಂದು ಕೂಗಿದೆ. ಅವನು ನಕ್ಕು, "ಬಾರವ್ವಾ, ಬಿಸಲಾಗ ಬಂದಿ. ತಡಿ, ಹೊಳ್ಳಿಸಿ ಇಟ್ಟು ಬರ್ತೀನಿ" ಎಂದು ಬಂಡೆಯ ಕಡೆ ಹೋಗಿ, ಥೇಟ್ ಅಪ್ಪನ ಹಾಗೆಯೇ ಗಂಗಾಳವನ್ನು ಒಮ್ಮೆ ಅಲುಗಿಸಿದ. ಸೆಲ್ಲುಗಳು ಉರುಳಿ ಒಂದರ ಮೂತಿಗೆ ಒಂದು ಬಡಿದುಕೊಂಡವು. ಅವನು ನನ್ನ ಕಡೆ ಮುಖ ತಿರುಗಿಸಿ ಏನೋ ಹೇಳುತ್ತಿದ್ದ. ಗಂಗಾಳ ಅವನ ಎಡಕ್ಕಿತ್ತು. ಅದರಿಂದ ಬಿಳಿ ಹೊಗೆ ಎದ್ದದ್ದು ನನಗೆ ಕಂಡಿತು, ಅವನಿಗೆ ಕಾಣಲಿಲ್ಲ.

ನಾನು ಓಡಿ ಅವನ ಅಂಗಿ ಹಿಡಿದು ಎಳೆದೆ. ಇಬ್ಬರೂ ಕೂಳೆಯ ಮೇಲೆ ಬಿದ್ದೆವು. ಸೀಟಿ ಊದಿದಂಥ ಸದ್ದಾಗಿ, ಪಟ್ ಎಂದು ಒಂದು ಸೆಲ್ಲು ಹಾರಿ ಅವನು ನಿಂತಿದ್ದ ಜಾಗ ದಾಟಿ ಹೋಯಿತು. ಕಂಬಳಿಯ ಮೂಲೆಗೆ ಬೆಂಕಿ ಹತ್ತಿತು. ಅತ್ತಿಗೆ ಉದ್ದನೆಯ ಕೋಲಿನಿಂದ ಕಂಬಳಿ ಎಳೆದುಹಾಕಿದಳು. ಹೊಗೆ ಬಾರದ ಕಡೆಯಿಂದ ನಾನು ಮಣ್ಣು ಎರಚಿದೆ. ಅಣ್ಣ ಎದ್ದು ಮೈ ಝಾಡಿಸಿಕೊಂಡು ಹೇಳಿದ ಮೊದಲ ಮಾತು ಏನು ಗೊತ್ತೇ? "ಸೆಲ್ ಖರಾಬ್ ಕೊಟ್ಟಾನ ನೋಡು ಆ ಅಂಗಡ್ಯಾಂವ."

ನನಗೆ ಅಳು ಬಂತು, ಸಿಟ್ಟೂ ಬಂತು. ಕೂತು ಎರಡನ್ನೂ ಮಾಡಿದೆ. ಉಳಿದ ಸೆಲ್ಲುಗಳು ತಣ್ಣಗಾದ ಮೇಲೆ ಮಣ್ಣು ತುಂಬಿದ ಮಡಕೆಯಲ್ಲಿ ಹೂತಿಟ್ಟೆ. ಎಚ್‌ಐಡಿ ಎಲ್ಲಿ ಎಂದು ಹುಡುಕಿದರೆ, ಬಟ್ಟೆಯಲ್ಲಿ ಸುತ್ತಿ ಜೋಳದ ಚೀಲದೊಳಗೆ ಇಟ್ಟಿದ್ದ. ಒಂದು ಗೀರೂ ಬಿದ್ದಿರಲಿಲ್ಲ. ಮುಟ್ಟಿಯೇ ಇಲ್ಲ!

"ಯಾಕ ಹಚ್ಚಂಗಿಲ್ಲ ಇದನ್ನ?"

"ಅದು ಮಿಟುಕಂಗಿಲ್ಲ" ಎಂದ. ಇವನ ಜೊತೆ ಮಾತಾಡುವುದೂ ಒಂದೇ, ಬಂಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ ಎಂದು ನಾನು ಮುಂದೆ ಕೇಳಲಿಲ್ಲ.

ಹೊತ್ತು ಮುಳುಗಿ ಕತ್ತಲಾಗುತ್ತ ಬಂತು. ಎರಡು ಹೊಲದಾಚೆ ಇನ್ನೊಬ್ಬರ ಹಿಂಡಿತ್ತು. ಅಲ್ಲಿಂದ ಒಂದು ಬೆಳಕು ಎರಡು ಸಲ ಮಿಟುಕಿತು. ಅಣ್ಣ ಕೈ ಚಾಚಿ, "ದೀಪ ಕೊಡಬೇ" ಎಂದ. ಹಿಂಡುಗಳು ಅಕ್ಕಪಕ್ಕ ತರುಬಿದಾಗ ಕುರಿಗಾರರು ಹೀಗೆ ಬೆಳಕಿನಲ್ಲೇ ಮಾತಾಡಿಕೊಳ್ಳುತ್ತಾರಂತೆ. ಎರಡು ಸಲ ಮಿಟುಕಿದರೆ ಎಲ್ಲ ಸರಿ ಇದೆ ಎಂದು. ಒಂದೇ ಸಲ ಹತ್ತಿ ಆರಿದರೆ ಬಾ ಎಂದು. ಇದನ್ನು ಅತ್ತಿಗೆ ನನಗೆ ಹೇಳಿದ್ದು ಆಮೇಲೆ. ಆಗ ನಾನು, ಇನ್ನೊಂದಕ್ಕೆ ಸೆಲ್ಲೂ ಇಲ್ಲ, ಈಗಲಾದರೂ ಒಳ್ಳೆಯ ದೀಪ ಹಿಡಿಯಲಿ ಎಂದು ಎಚ್‌ಐಡಿಯನ್ನೇ ಅವನ ಕೈಗೆ ತುರುಕಿದೆ.

ಅವನು ಒತ್ತಿದ. ಅದು ನೀಲಿಯಾಗಿ ಆಕಳಿಸಿತು. ಅಷ್ಟರಲ್ಲಿ ಆ ಕಡೆ ಮತ್ತೆ ಎರಡು ಸಲ ಮಿಟುಕಿತು. ಆಮೇಲೆ ನಮ್ಮದು ಎದ್ದು ಇಡೀ ಹೊಲ ಬೆಳ್ಳಗಾಯಿತು, ಕುರಿಗಳೆಲ್ಲ ಬೆಚ್ಚಿ ಎದ್ದುನಿಂತವು, ಅವುಗಳ ಕಣ್ಣು ಹೊಳೆದವು. ಅಣ್ಣ ಆರಿಸಿ ಮತ್ತೆ ಒತ್ತಿದ. ಹತ್ತಲಿಲ್ಲ. ಮತ್ತೆ ಒತ್ತಿದ, ಮತ್ತೆ ಒತ್ತಿದ. ಕತ್ತಲು. ಆ ಕಡೆಯಿಂದ "ಹೋಯ್" ಎಂಬ ಕೂಗು ಕೇಳಿತು, ಬದು ಹಾರುತ್ತ ಒಂದು ಬೆಳಕು ಓಡಿಬಂತು.

ಬಂದವನು ಅಣ್ಣನ ವಯಸ್ಸಿನವನೇ. ಕೈಯಲ್ಲಿ ಬಡಿಗೆ, ಏದುಸಿರು. "ಏನಾತೋ? ತೋಳ ಬಂತೇನು?"

"ತೋಳಲ್ಲೋ, ನಮ್ಮ ತಂಗಿ ಬಂದಾಳ" ಎಂದ ಅಣ್ಣ.

ಅವನು ನಗಲಿಲ್ಲ. ಸುಟ್ಟ ಕಂಬಳಿ ನೋಡಿದ, ಅತ್ತಿಗೆ ಹೇಳಿದ್ದನ್ನು ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, "ಯವ್ವಾ, ಎಲ್ಲಿ ತರುಬಿದ್ರೂ ನನ್ನ ಹಿಂಡು ಇವನ ಎಡಕ್ಕ. ಇವನಿಗಿ ಆ ಬದಿ ಕಾಣಂಗಿಲ್ಲ, ಅದಕ್ಕ. ತೋಳ ಮರಿ ಒಯ್ತಲ್ಲ, ಅದೊಂದ ದಿನ ನಾ ಊರಿಗೆ ಹೋಗಿದ್ದೆ" ಎಂದ. ತನ್ನ ಕುರಿ ಒಂಟಿಯಾಗಿವೆ ಎಂದು ನೀರೂ ಕುಡಿಯದೆ ಬಂದ ದಾರಿಯಲ್ಲೇ ಓಡಿದ. ಎಡಗಡೆ ಒಬ್ಬ ಇದ್ದಾನೆ ಎಂದು ಅಣ್ಣ ನನಗೆ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಾನು ಟಾರ್ಚಿನ ಬೆಳಕು ಎಷ್ಟು ದೂರ ಹೋಗುತ್ತದೆಂದು ಕೇಳಿದ್ದೆನೇ ಹೊರತು ಯಾರಿಗೆ ಹೋಗುತ್ತದೆಂದು ಕೇಳಿರಲಿಲ್ಲ.

ಮರುದಿನ ಎಚ್‌ಐಡಿ ತೆಗೆದುಕೊಂಡು ರಾಯಚೂರಿಗೆ ಬಂದೆ. ಅಲಮಾರಿನಲ್ಲಿದ್ದ ಅಪ್ಪನ ಟಾರ್ಚಿಗೆ ಹಳೆಯ ಬಗೆಯ ಹೊಸ ಸೆಲ್ಲು ಹಾಕಿಸಿ, ಅದೇ ವಾರ ಕುರ್ಡಿಗೆ ಹೋಗಿ ಅವನ ಕೈಯಲ್ಲಿಟ್ಟೆ. ಅಣ್ಣ ಎರಡು ಸಲ ಮಿಟುಕಿಸಿ ನೋಡಿದ. ಆಮೇಲೆ ಬಲಗಣ್ಣಿನಿಂದ ನನ್ನನ್ನು ನೋಡಿ, "ಇದರ ಸೆಲ್ ಬಿಸಿಲಿಗಿ ಇಡಬೌದೇನು?" ಎಂದು ಕೇಳಿದ.

"ಇಡಪ್ಪಾ" ಎಂದೆ. "ಇದನ್ನ ಇಡು."